ಉಸಿರಿನ ಹಾದಿ ಕಾಯುವ ಕೈಗಳು

ಪ್ರಜ್ಞೆ ತಪ್ಪಿ ಅಂಗಾತ ಮಲಗಿದವರ ನಾಲಿಗೆಯ ಬುಡವೂ ಮೃದು ಅಂಗುಳವೂ ಸಡಿಲಗೊಂಡು ಗಂಟಲಿನ ಹಿಂಗೋಡೆಗೆ ಒರಗಿದಾಗ ಶ್ವಾಸಮಾರ್ಗ, ಅಂದರೆ ಮೂಗು-ಬಾಯಿಯಿಂದ ಶ್ವಾಸಕೋಶದವರೆಗಿನ ಗಾಳಿಯ ಹಾದಿ, ಮುಚ್ಚಿಹೋಗುತ್ತದೆ. ಆಮ್ಲಜನಕವಿಲ್ಲದೆ ನಾಲ್ಕೈದು ನಿಮಿಷ ಕಳೆದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದಾದ್ದರಿಂದ, ಆ ಹಾದಿಯನ್ನು ತೆರೆಯುವ ಕೌಶಲವು ರೋಗಿಯ ಬಳಿಗೆ ಮೊದಲು ಬರುವ ಕಿರಿಯ ವೈದ್ಯರಲ್ಲಿಯೇ ಇರಬೇಕಾಗುತ್ತದೆ. ಅಂಕೋಲೆ ಪಟ್ಟಣಕ್ಕೆ ಹೊಂದಿಕೊಂಡ ಬೊಬ್ರುವಾಡದಂತಹ ಊರಿನ ಮಟ್ಟಿಗೆ ಇದು ಇನ್ನಷ್ಟು ನಿಜ: ಕಾರವಾರದ ಜಿಲ್ಲಾ ಆಸ್ಪತ್ರೆ 30 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ, ದೊಡ್ಡ ಆಸ್ಪತ್ರೆಗಳಿರುವ ಮಣಿಪಾಲ, ಹುಬ್ಬಳ್ಳಿ, ಗೋವಾ ಅದಕ್ಕಿಂತಲೂ ದೂರ, 2024ರ ಜುಲೈ 16ರಂದು ಇದೇ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗಲಂತೂ ದಕ್ಷಿಣಕ್ಕೆ ಹೋಗುವ ಹೆದ್ದಾರಿಯೇ ಹಲವು ದಿನ ಮುಚ್ಚಿತ್ತು.

ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಅರಿವಳಿಕೆ ತಜ್ಞರ ಕೈಯಲ್ಲಿ ಬೆಳೆದ ಈ ವಿದ್ಯೆ ಹೊರಗೆ ಬಂದದ್ದು ಒಂದು ಪಿಡುಗಿನ ಒತ್ತಡದಿಂದ. 1952ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹರಡಿ ಉಸಿರಾಟದ ಸ್ನಾಯುಗಳು ಸೋತವರು ಆಸ್ಪತ್ರೆ ತುಂಬಿದಾಗ, ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅವರ ಸಲಹೆಯಂತೆ ರೋಗಿಗಳ ಕತ್ತಿನಲ್ಲಿ ರಂಧ್ರ ಮಾಡಿ ಕೊಳವೆ ಇರಿಸಲಾಯಿತು, ಸುಮಾರು 1,500 ವಿದ್ಯಾರ್ಥಿಗಳು ಹಗಲಿರುಳು ಸರದಿಯಲ್ಲಿ ಕುಳಿತು ರಬ್ಬರ್ ಚೀಲವನ್ನು ಒತ್ತಿ ಅವರಿಗೆ ಉಸಿರು ಕೊಟ್ಟರು. ಇನ್ನೂ ವೈದ್ಯರಾಗದ ಯುವಕರ ಕೈಗಳೇ ತಿಂಗಳುಗಟ್ಟಲೆ ಅಷ್ಟು ಜೀವಗಳನ್ನು ಹಿಡಿದಿಟ್ಟವೆಂಬುದು ವೈದ್ಯಕೀಯ ಚರಿತ್ರೆಯ ಅತ್ಯಂತ ಗೌರವಾರ್ಹ ಅಧ್ಯಾಯಗಳಲ್ಲೊಂದು. 1956ರಲ್ಲಿ ಅರಿವಳಿಕೆ ತಜ್ಞ ಹೆನ್ನಿಂಗ್ ರೂಬೆನ್ ಅವರು ಒತ್ತಿ ಬಿಟ್ಟೊಡನೆ ತಾನೇ ಉಬ್ಬಿಕೊಳ್ಳುವ ಚೀಲವನ್ನು ರೂಪಿಸಿದರು. ಇಂದು ಆಂಬುಲೆನ್ಸುಗಳಲ್ಲಿ ಇರುವ ಆಂಬು ಬ್ಯಾಗ್ ಅದೇ. ಅರಿವಳಿಕೆ ತಜ್ಞ ಪೀಟರ್ ಸಾಫರ್ ಅವರು ತಲೆಯನ್ನು ಹಿಂದಕ್ಕೆ ಬಾಗಿಸಿ ದವಡೆಯನ್ನು ಮೇಲೆತ್ತಿದರೆ ಹಾದಿ ತೆರೆದುಕೊಳ್ಳುತ್ತದೆಂದು ತೋರಿಸಿದ ಬಳಿಕ, ನಾರ್ವೆಯ ಆಟಿಕೆ ತಯಾರಕ ಓಸ್ಮುಂಡ್ ಲಾರ್ಡಲ್ 1960ರಲ್ಲಿ ಅಭ್ಯಾಸಕ್ಕೆಂದೇ ಆಳೆತ್ತರದ ಬೊಂಬೆಯನ್ನು ಮಾಡಿದ್ದರಿಂದ, ರೋಗಿಯನ್ನು ಅಪಾಯಕ್ಕೆ ಒಡ್ಡದೆ ತಪ್ಪುತ್ತ ಕಲಿಯುವ ಅವಕಾಶ ದೊರೆಯಿತು.

ಭಾರತದಲ್ಲಿ ಈ ತರಬೇತಿಯನ್ನು ಸಣ್ಣ ಆಸ್ಪತ್ರೆಗಳತ್ತ ತಂದದ್ದು ಹೆರಿಗೆ ಕೋಣೆಯ ಅಗತ್ಯ. ಅರಿವಳಿಕೆ ತಜ್ಞರಿಲ್ಲದ ಕಡೆ ಸಿಸೇರಿಯನ್ ನಿಲ್ಲಬಾರದೆಂದು ಎಂಬಿಬಿಎಸ್ ವೈದ್ಯರಿಗೆ 18 ವಾರಗಳ ಜೀವರಕ್ಷಕ ಅರಿವಳಿಕೆ ತರಬೇತಿ ರೂಪುಗೊಂಡಿತು. 2009ರಲ್ಲಿ ಆರಂಭವಾದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮವು ಅಳದ ಕೂಸಿಗೆ ಚೀಲ ಮತ್ತು ಮಾಸ್ಕಿನಿಂದ ಉಸಿರು ಕೊಡುವುದನ್ನು ವೈದ್ಯರಿಗೂ ದಾದಿಯರಿಗೂ ಕಲಿಸಿತು. ಕಾರವಾರದಲ್ಲಿ 2016ರಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾದ ಮೇಲೆ ಈ ಕರಾವಳಿಯಲ್ಲಿಯೇ ಕಿರಿಯ ವೈದ್ಯರು ತಯಾರಾಗತೊಡಗಿದರು. 2019ರ ಹೊಸ ಎಂಬಿಬಿಎಸ್ ಪಠ್ಯಕ್ರಮ ಬೊಂಬೆಗಳ ಮೇಲಿನ ಕೌಶಲಾಭ್ಯಾಸಕ್ಕೆ ಒತ್ತುಕೊಟ್ಟಿತು, 2021ರ ನಿಯಮಗಳು ಇಂಟರ್ನ್‌ಶಿಪ್ಪಿನಲ್ಲಿ ಅರಿವಳಿಕೆ ವಿಭಾಗಕ್ಕೆ ಎರಡು ವಾರ ಮೀಸಲಿಟ್ಟವು.

ಕಲಿಯಲು ಬಂದವರ ಕಣ್ಣು ಸಾಮಾನ್ಯವಾಗಿ ಶ್ವಾಸನಾಳಕ್ಕೆ ಕೊಳವೆ ಹಾಕುವ ಕ್ರಿಯೆಯ ಮೇಲಿರುತ್ತದೆ. ಆದರೆ ಹೆಬ್ಬೆರಳು, ತೋರುಬೆರಳುಗಳಿಂದ ಮಾಸ್ಕನ್ನು ಮುಖಕ್ಕೆ ಒತ್ತಿ ಉಳಿದ ಮೂರು ಬೆರಳುಗಳಿಂದ ದವಡೆಯನ್ನು ಮೇಲೆತ್ತಿ, ಎದೆ ಏರುತ್ತಿದೆಯೇ ಎಂದು ನೋಡುತ್ತ ಚೀಲವನ್ನು ಒತ್ತುವ ಹಿಡಿತವೇ ಹೆಚ್ಚು ಜೀವ ಉಳಿಸುವುದು. ಕೊಳವೆ ಹಾಕಲಾಗದಿದ್ದರೂ ಆಮ್ಲಜನಕ ತಲುಪಿದರೆ ರೋಗಿ ಬದುಕುತ್ತಾನೆ. ಅಖಿಲ ಭಾರತ ಡಿಫಿಕಲ್ಟ್ ಏರ್‌ವೇ ಅಸೋಸಿಯೇಷನ್ 2016ರ ಮಾರ್ಗಸೂಚಿಯಲ್ಲಿ ಕೊಳವೆ ಹಾಕುವ ಪ್ರಯತ್ನಗಳಿಗೆ ಮಿತಿ ಹಾಕಿ, ನಡುನಡುವೆ ಆಮ್ಲಜನಕ ಕೊಡುತ್ತ ಬೇಗ ನೆರವು ಕರೆಯಬೇಕೆಂದದ್ದು ಇದಕ್ಕಾಗಿಯೇ. ಆದರೆ ಬೊಂಬೆಯ ಮೇಲಿನ ಅಭ್ಯಾಸವಷ್ಟೇ ಸಾಲದು: ಬೊಂಬೆಗೆ ಮಾಸ್ಕ್ ಸರಿಯಾಗಿ ಕೂರದಂತೆ ಮಾಡುವ ಗಡ್ಡವಿಲ್ಲ, ವಾಂತಿ, ರಕ್ತ ಬಾಯಿ ತುಂಬುವುದಿಲ್ಲ. ಆದ್ದರಿಂದ ಎರಡು ವಾರದ ಕಲಿಕೆಗೆ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ತಜ್ಞರ ಕಣ್ಣೆದುರಿನ ಅಭ್ಯಾಸವೂ, ಕೆಲವೇ ತಿಂಗಳಲ್ಲಿ ಮಂಕಾಗುವ ಕೈಗಳಿಗೆ ತಾಲ್ಲೂಕು ಆಸ್ಪತ್ರೆಯಲ್ಲಿಯೇ ಮರುತರಬೇತಿಯೂ ಕೂಡಬೇಕು.