ನಿಮಗಿದು ಗೊತ್ತೇ? ಚಿತ್ರ ಒಬ್ಬರದು, ಬೆಲೆ ಇನ್ನೊಬ್ಬರಿಗೆ

◆ ಆಂಧ್ರ ಗಡಿಯ ಓಬಳಾಪುರ, ರಾಯದುರ್ಗ, ಮಡಕಶಿರಾ ಸೀಮೆಯ ಮನೆಗಳ ದೇವರ ಗೂಡಿನಲ್ಲಿ ಕಮಲದ ಮೇಲೆ ನಿಂತ ಲಕ್ಷ್ಮಿಯ ಕ್ಯಾಲೆಂಡರ್ ಪಟ ಸಾಮಾನ್ಯ. ಆ ನಿಲುವು, ಸೀರೆಯ ನೆರಿಗೆ, ಪಕ್ಕದ ಆನೆ ಎಲ್ಲವೂ ಬಹುಮಟ್ಟಿಗೆ ರಾಜಾ ರವಿವರ್ಮ ಬರೆದ ಲಕ್ಷ್ಮಿಯಿಂದ ಇಳಿದು ಬಂದವು. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು, ತೀರಿಕೊಂಡದ್ದು 1906ರಲ್ಲಿ. ಆಮೇಲೆ ಆ ಲಕ್ಷ್ಮಿಯನ್ನು ಎಷ್ಟು ಮುದ್ರಣಾಲಯದವರು ಎತ್ತಿಕೊಂಡರೋ ಲೆಕ್ಕ ಇಟ್ಟವರಿಲ್ಲ. ಇವತ್ತು ಅದು ತಪ್ಪೂ ಅಲ್ಲ. ನಮ್ಮ ಕಾನೂನಿನಲ್ಲಿ ಚಿತ್ರದ ಕೃತಿಸ್ವಾಮ್ಯ ಉಳಿಯುವುದು ಕಲಾವಿದ ತೀರಿಕೊಂಡ 60 ವರ್ಷಗಳವರೆಗೆ ಮಾತ್ರ.

◆ ಆ ಕಾಲದಲ್ಲಿ ರವಿವರ್ಮ ಪಟ ಕೊಂಡು ತಂದವರಲ್ಲಿ ಕೆಲವರು ದೇವಿಯ ಸೀರೆಗೆ ನಿಜವಾದ ಜರಿ, ಬಟ್ಟೆ, ಚಮಕಿ, ಮಣಿಗಳನ್ನು ಅಂಟಿಸಿ, ಹೊಲಿದು ಅಲಂಕರಿಸುತ್ತಿದ್ದರು. ಸಾವಿರಾರು ಪ್ರತಿಗಳಲ್ಲಿ ಒಂದಾಗಿದ್ದ ಕಾಗದ, ಯಾರದೋ ಸೂಜಿ ತಾಗಿದ ಕೂಡಲೇ ಜಗತ್ತಿನಲ್ಲಿ ಇನ್ನೊಂದಿಲ್ಲದ ವಸ್ತುವಾಯಿತು. ಅಂಥ ಪಟಗಳನ್ನು ಈಗ ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ಕೆಳಗೆ ಅಚ್ಚಾಗಿರುವುದು ಮುದ್ರಣಾಲಯದ ಹೆಸರು. ಸೂಜಿ ಹಿಡಿದವರ ಹೆಸರು ಬರೆದಿಟ್ಟ ಪಟ ಸಿಗುವುದೇ ಅಪರೂಪ. ಇದು ನನಗೆ ತುಂಬ ಕೊರಗಿನ ಸಂಗತಿ.

◆ ರವಿವರ್ಮ ಕೈಯಾರೆ ಬರೆದ ‘ಯಶೋದಾ ಕೃಷ್ಣ’ 2023ರ ಹರಾಜಿನಲ್ಲಿ 38 ಕೋಟಿ ರೂಪಾಯಿಗೆ ಹೋಯಿತು. ಅವರ ಮೂಲ ಕೃತಿಗಳನ್ನು 1979ರಿಂದ ದೇಶದ ಹೊರಗೆ ಮಾರುವಂತಿಲ್ಲ.

◆ ರವಿವರ್ಮರ ಆ ಲಕ್ಷ್ಮಿಯಾಗಿ ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ತಾವೇ ವೇಷ ತೊಟ್ಟು ಕ್ಯಾಮೆರಾ ಮುಂದೆ ನಿಂತರು! 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆಗೂಡಿ ಅವರು ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿಯಲ್ಲಿ ರವಿವರ್ಮರ ನಾಯಕಿಯರಿದ್ದಾರೆ, ಬಿಜಾಪುರದ ಹಳೆಯ ಚಿಕಣಿ ಚಿತ್ರದ ಯೋಗಿನಿ ಇದ್ದಾಳೆ, ಸಿನಿಮಾ ತಾರೆ ಇದ್ದಾರೆ, ಪೊಲೀಸ್ ಫೋಟೊದ ಸರಗಳ್ಳಿಯರೂ ಇದ್ದಾರೆ. ಯಾವ ಚಿತ್ರದಿಂದ ತೆಗೆದದ್ದು ಎಂಬುದನ್ನು ಎಲ್ಲಿಯೂ ಮುಚ್ಚಿಟ್ಟಿಲ್ಲ. ಫೋಟೊ ತೆಗೆದವರ ಹೆಸರು ಕೃತಿಕಾರರ ಹೆಸರಿನ ಪಕ್ಕದಲ್ಲೇ ಇದೆ. ಎರವಲು ತಂದರೆ ಹೀಗೆ ತರಬೇಕು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

◆ ಅಂಗಡಿಯ ಡಬ್ಬಿ, ಕಾಮಿಕ್ ಚಿತ್ರಗಳನ್ನು ಎರವಲು ತಂದ ಅಮೆರಿಕದ ಪಾಪ್ ಕಲೆಯಲ್ಲಿ ದೊಡ್ಡ ಹೆಸರು ಆಂಡಿ ವಾರ್ಹೋಲ್. 1962ರಲ್ಲಿ ಲಾಸ್ ಏಂಜಲೀಸ್‌ನ ಒಂದು ಗ್ಯಾಲರಿಯಲ್ಲಿ ಕ್ಯಾಂಪ್‌ಬೆಲ್ ಸೂಪ್ ಡಬ್ಬಿಗಳ 32 ಚಿತ್ರಗಳನ್ನು ಸಾಲಾಗಿ ಇಟ್ಟರು. ಗ್ಯಾಲರಿಯವನು 32ನ್ನೂ ಒಟ್ಟು 1,000 ಡಾಲರಿಗೆ ತಾನೇ ಇಟ್ಟುಕೊಂಡ. 1996ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವನ್ನು ಪಡೆದಾಗ ಬೆಲೆ ಸುಮಾರು 1.5 ಕೋಟಿ ಡಾಲರ್.

◆ ಇನ್ನೊಬ್ಬ ಪಾಪ್ ಕಲಾವಿದ ರಾಯ್ ಲಿಕ್ಟನ್‌ಸ್ಟೈನ್ ಅವರ ‘ವಾಮ್!’ ಮತ್ತು ‘ಡ್ರೌನಿಂಗ್ ಗರ್ಲ್’ ಎರಡೂ 1963ರವು, ಎರಡೂ 1962ರ ಕಾಮಿಕ್ ಪುಸ್ತಕಗಳಿಂದ ಎತ್ತಿದವು. ಆ ಚೌಕಗಳನ್ನು ಮೊದಲು ಬರೆದವರು ಅರ್ವ್ ನೋವಿಕ್ ಮತ್ತು ಟೋನಿ ಅಬ್ರುಝೊ. ಈ ಎರಡು ಹೆಸರು ಎಷ್ಟು ಜನ ಕೇಳಿದ್ದೀರಿ?

◆ 1964ರಲ್ಲಿ ವಾರ್ಹೋಲ್ ಬ್ರಿಲ್ಲೊ ಎಂಬ ಪಾತ್ರೆ ಉಜ್ಜುವ ನಾರಿನ ರಟ್ಟಿನ ಪೆಟ್ಟಿಗೆಯನ್ನು ಹೋಲುವ ಮರದ ಪೆಟ್ಟಿಗೆಗಳನ್ನು ಮಾಡಿಸಿ ಗ್ಯಾಲರಿಯಲ್ಲಿ ಜೋಡಿಸಿದರು. ಅಂಗಡಿಯ ಪೆಟ್ಟಿಗೆಗೂ ಇದಕ್ಕೂ ಕಣ್ಣಿಗೆ ವ್ಯತ್ಯಾಸವೇ ಕಾಣದಿದ್ದಾಗ ಇದನ್ನು ಕಲೆ ಎನ್ನುವುದು ಯಾವ ಆಧಾರದ ಮೇಲೆ ಎಂದು ಆರ್ಥರ್ ಡಾಂಟೊ ಎಂಬ ತತ್ವಜ್ಞಾನಿ ಬಾಳಿನುದ್ದಕ್ಕೂ ಬರೆದರು. ಅಂಗಡಿಯ ಆ ನಿಜವಾದ ಪೆಟ್ಟಿಗೆಗೆ ಕೆಂಪು ನೀಲಿ ಬಣ್ಣ, ಅಲೆಯಂಥ ಪಟ್ಟಿ, ಅಕ್ಷರ ಕೂಡಿಸಿದವರು ಜೇಮ್ಸ್ ಹಾರ್ವೆ. ಅವರೂ ಚಿತ್ರಕಾರರೇ. ಹೊಟ್ಟೆಪಾಡಿಗೆ ಪೆಟ್ಟಿಗೆ ವಿನ್ಯಾಸದ ನೌಕರಿ, ಉಳಿದ ಹೊತ್ತು ಕ್ಯಾನ್ವಾಸ್. ವಾರ್ಹೋಲ್ ಪ್ರದರ್ಶನವಾದ ಮರುವರ್ಷ, 1965ರಲ್ಲಿ, ಅವರು ತೀರಿಕೊಂಡರು. 1969ರಲ್ಲಿ 1,000 ಡಾಲರಿಗೆ ಕೊಂಡಿದ್ದ ಒಂದು ಬ್ರಿಲ್ಲೊ ಪೆಟ್ಟಿಗೆ 2010ರ ಹರಾಜಿನಲ್ಲಿ 30 ಲಕ್ಷ ಡಾಲರ್ ದಾಟಿತು.

ರಾಯದುರ್ಗದಲ್ಲಿ, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿಗೆ ಹಾರ್ವೆಯ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಟ್ಟೆ ಅದೇ, ಹೊಲಿಗೆ ಅದೇ. ಸೊಂಟಪಟ್ಟಿಗೆ ಹಚ್ಚಿದ ಲೇಬಲ್ ಯಾವುದು ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ.

◆ ಇನ್ನೊಂದು ಕೇಳಿ. ವಾರ್ಹೋಲ್ 1987ರಲ್ಲಿ ತೀರಿಕೊಂಡರು. 1990ರಲ್ಲಿ ಸ್ವೀಡನ್ನಿನ ಪ್ರಸಿದ್ಧ ಸಂಗ್ರಹಾಲಯ ನಿರ್ದೇಶಕ ಪಾಂಟಸ್ ಹುಲ್ಟೆನ್ ನೂರಕ್ಕೂ ಹೆಚ್ಚು ಬ್ರಿಲ್ಲೊ ಪೆಟ್ಟಿಗೆಗಳನ್ನು ಬಡಗಿಗಳಿಂದ ಮಾಡಿಸಿದರು. ಅವುಗಳಲ್ಲಿ ಹಲವು 1968ರವು ಎಂದು ಮಾರಾಟವಾದವು. 2007ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದು ಸತ್ಯ ಬಯಲು ಮಾಡಿತು. ಅಂಗಡಿಯ ಪೆಟ್ಟಿಗೆಯ ನಕಲಿಗೂ ನಕಲಿ! ಕೊಂಡವರ ಕೈಯಲ್ಲಿದ್ದ ಮರ, ಬಣ್ಣ ಮೊದಲಿನಂತೆಯೇ ಇದ್ದವು, ಬೆಲೆ ಮಾತ್ರ ಕುಸಿಯಿತು.

◆ ಛಾಯಾಗ್ರಾಹಕಿ ಲಿನ್ ಗೋಲ್ಡ್‌ಸ್ಮಿತ್ 1981ರಲ್ಲಿ ಗಾಯಕ ಪ್ರಿನ್ಸ್ ಅವರ ಫೋಟೊ ತೆಗೆದಿದ್ದರು. 1984ರಲ್ಲಿ ಒಂದು ಪತ್ರಿಕೆ ಒಂದೇ ಸಲದ ಬಳಕೆಗೆ 400 ಡಾಲರ್ ಕೊಟ್ಟು, ಅದನ್ನು ನೋಡಿ ಚಿತ್ರ ಮಾಡಲು ವಾರ್ಹೋಲ್‌ಗೆ ಒಪ್ಪಿಸಿತು. ವಾರ್ಹೋಲ್ ಒಂದರ ಬದಲು 16 ಮಾಡಿದರು. 2016ರಲ್ಲಿ ಪ್ರಿನ್ಸ್ ತೀರಿಕೊಂಡಾಗ ಅವುಗಳಲ್ಲೊಂದನ್ನು ಅಚ್ಚು ಹಾಕಲು ವಾರ್ಹೋಲ್ ಪ್ರತಿಷ್ಠಾನಕ್ಕೆ 10,250 ಡಾಲರ್ ಸಿಕ್ಕಿತು, ಗೋಲ್ಡ್‌ಸ್ಮಿತ್‌ಗೆ ಏನೂ ಸಿಗಲಿಲ್ಲ. ಅವರು ಬಿಡಲಿಲ್ಲ. 2023ರ ಮೇ 18ರಂದು ಅಮೆರಿಕದ ಸುಪ್ರೀಂ ಕೋರ್ಟ್ 7–2 ಬಹುಮತದಿಂದ ಅವರ ಪರವಾಗಿ ತೀರ್ಪು ಕೊಟ್ಟಿತು. ಕಲಾವಿದ ಎಷ್ಟೇ ದೊಡ್ಡವನಿರಲಿ, ಪತ್ರಿಕೆಗೆ ಬಾಡಿಗೆ ಕೊಡುವಾಗ ಫೋಟೊ ತೆಗೆದವಳ ಹಕ್ಕನ್ನು ದಾಟುವಂತಿಲ್ಲ ಎಂದಾಯಿತು. ನ್ಯಾಯವಾದ ತೀರ್ಪು.

◆ ಮತ್ತೆ ನಮ್ಮ ಕಡೆಗೆ ಬರೋಣ. ಮಡಕಶಿರಾದಿಂದ ಹೊರಟು ಹಿಂದೂಪುರ ದಾಟಿದರೆ ಲೇಪಾಕ್ಷಿ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಸಹೋದರರು ಕಟ್ಟಿಸಿದ ವೀರಭದ್ರ ದೇವಾಲಯ ಅಲ್ಲಿದೆ. ಕನ್ನಡ ಶಾಸನಗಳೂ ಇವೆ. ಮಂಟಪದಲ್ಲಿ ತಲೆಯೆತ್ತಿ ನೋಡಿದರೆ ಚಾವಣಿಯ ಚಿತ್ರಗಳಲ್ಲಿ ಗಂಡಸರ ತಲೆಯ ಮೇಲೆ ಎತ್ತರದ ಕುಲ್ಲಾವಿ, ಹೆಂಗಸರ ಮೈಮೇಲೆ ಪಟ್ಟೆ, ಚೌಕುಳಿ, ಹೂಬಳ್ಳಿಯ ಸೀರೆಗಳು. ಪಕ್ಕದ ಲತಾಮಂಟಪದ ಕಂಬಗಳಲ್ಲಿ ಕೆತ್ತಿದ ನಕಾಸೆಗಳು ಸೀರೆಯ ಅಂಚಿಗೆ, ಸೆರಗಿಗೆ ಇಳಿದಿವೆ. ಊರಿನ ಹೆಸರೇ ಆಂಧ್ರ ಸರ್ಕಾರದ ಕರಕುಶಲ ಮಳಿಗೆಗಳ ಹೆಸರಾಗಿದೆ. ಕಟ್ಟಿಸಿದವರ ಹೆಸರು ಗೊತ್ತು. ಕೆತ್ತಿದ ಕೈಗಳ, ಕುಂಚ ಹಿಡಿದ ಕೈಗಳ ಹೆಸರು ಗೊತ್ತಿಲ್ಲ. ಐನೂರು ವರ್ಷದ ಹಿಂದಿನ ಆ ಕೆಲಸಕ್ಕೆ ಯಾವ ಕಾನೂನೂ ಹಣ ಕೊಡಿಸಲಾರದು, ಆದರೆ ಸೀರೆಯ ಚೀಟಿಯಲ್ಲಿ ‘ಲೇಪಾಕ್ಷಿ ಲತಾಮಂಟಪದ ನಕಾಸೆ’ ಎಂದು ಒಂದು ಸಾಲು ಅಚ್ಚು ಹಾಕಲು ಯಾರ ಅಡ್ಡಿಯೂ ಇಲ್ಲ.

◆ ಧರ್ಮಾವರದ ಹತ್ತಿರದ ನಿಮ್ಮಲಕುಂಟ ತೊಗಲುಗೊಂಬೆಯ ಊರು. ಆಡಿನ ಚರ್ಮವನ್ನು ನೆನೆಹಾಕಿ, ಹೆರೆದು, ಬಿಗಿದು ಒಣಗಿಸಿದರೆ ಬೆಳಕು ಹಾಯುವಷ್ಟು ತೆಳುವಾಗುತ್ತದೆ. ಆಮೇಲೆ ಚಿಕ್ಕ ಉಳಿಯಿಂದ ಒಂದೊಂದೇ ತೂತು. ರಾಮನ ಕೊರಳ ಹಾರವೆಂದರೆ ಆ ತೂತುಗಳ ಸಾಲೇ. ಹಿಂದೆ ದೀಪ ಹಚ್ಚಿದರೆ ಮುತ್ತು ಹೊಳೆಯುತ್ತದೆ. ಆಂಧ್ರದ ತೊಗಲುಗೊಂಬೆಗೆ 2008ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂತು, ಕಲಾವಿದ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ. ನಮ್ಮ ಕೊಪ್ಪಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಬಂತು. ಆಟ ಆಡಿಸುವವರು ಕಡಿಮೆಯಾಗಿ, ಅದೇ ಚರ್ಮ ಇವತ್ತು ಹೆಚ್ಚಾಗಿ ಲ್ಯಾಂಪ್‌ಶೇಡ್ ಆಗಿ ಮನೆ, ಹೋಟೆಲು ಸೇರುತ್ತಿದೆ.

◆ 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ಪ್ರದರ್ಶನದಲ್ಲಿ ತೋರಿಸಿದ ಚಪ್ಪಲಿ ಥೇಟ್ ಕೊಲ್ಹಾಪುರಿ. ಕೊಲ್ಹಾಪುರಿಯ ಜಿಐ 2019ರದು, ಅದರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ. ಅಥಣಿ, ನಿಪ್ಪಾಣಿಯ ಸಮಗಾರರ ಕೈಕೆಲಸ ಅದು. ಗಲಾಟೆ ಎದ್ದ ಮೇಲೆ ಕಂಪನಿ ಭಾರತದ ಸ್ಫೂರ್ತಿ ಎಂದು ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದವೂ ಆಯಿತು. ಜನ ಬಾಯಿಬಿಟ್ಟು ಕೇಳಿದ್ದರಿಂದ ಆದದ್ದು ಇದು.

◆ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಮಿನ ಪ್ರಕಾರ ಮೂಲ ಚಿತ್ರವೊಂದು 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ ಅದರಲ್ಲಿ ಕಲಾವಿದನಿಗೆ ಅಥವಾ ವಾರಸುದಾರರಿಗೆ ಪಾಲು ಕೇಳುವ ಹಕ್ಕಿದೆ, ಗರಿಷ್ಠ ಶೇ 10. ಚಿತ್ರ ಬರೆಯುವ ಮಕ್ಕಳಿರುವ ಮನೆಯವರು ಇದನ್ನು ತಿಳಿದಿರಬೇಕು. ಜಿಐ ಮಾತ್ರ ಒಬ್ಬ ಕುಶಲಕರ್ಮಿಗೆ ಸಿಗುವುದಲ್ಲ, ಒಂದು ಪ್ರದೇಶದ ತಯಾರಕರ ಕೂಟಕ್ಕೆ. ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು. ಸುಳ್ಳು ಜಿಐ ಹೆಸರು ಹಚ್ಚಿ ಮಾರಿದವರಿಗೆ ಆರು ತಿಂಗಳಿಂದ ಮೂರು ವರ್ಷ ಜೈಲು, ಜೊತೆಗೆ 50,000ದಿಂದ 2 ಲಕ್ಷ ರೂಪಾಯಿ ದಂಡ.

◆ ಕಡೆಯದಾಗಿ ಓದುಗರಲ್ಲಿ ಒಂದು ವಿನಂತಿ. ಮುಂದಿನ ಸಲ ತೊಗಲುಗೊಂಬೆಯ ದೀಪವನ್ನೋ, ಮೊಳಕಾಲ್ಮೂರು ಸೀರೆಯನ್ನೋ, ಅಥಣಿ ಚಪ್ಪಲಿಯನ್ನೋ ಕೊಂಡಾಗ ಮಾಡಿದವರು ಯಾರು, ಯಾವ ಊರಿನವರು ಎಂದು ಅಂಗಡಿಯವರನ್ನು ಕೇಳಿ. ಗೊತ್ತಾದ ಹೆಸರನ್ನು ರಸೀದಿಯ ಹಿಂದೆ ಬರೆಸಿಕೊಂಡು, ವಸ್ತುವಿನ ಜೊತೆಗೇ ಎತ್ತಿಡಿ.