ಊರಿನ ಹೆಸರು, ಸತ್ತವರ ಹೆಸರು

ಅಮೆರಿಕದ ಅಲಬಾಮಾ ರಾಜ್ಯದ ರಾಜಧಾನಿ ಮಾಂಟ್‌ಗಮರಿ. ಒಂದು ಕಾಲಕ್ಕೆ ಗುಲಾಮರ ಮಾರಾಟದ ದೊಡ್ಡ ಕೇಂದ್ರವಾಗಿದ್ದ ಈ ಊರಿನ ದಿಣ್ಣೆಯ ಮೇಲೆ, ಆರು ಎಕರೆ ಜಾಗದಲ್ಲಿ, 'ನ್ಯಾಷನಲ್ ಮೆಮೋರಿಯಲ್ ಫಾರ್ ಪೀಸ್ ಅಂಡ್ ಜಸ್ಟಿಸ್' ಇದೆ. ಬಿಳಿಯರ ಗುಂಪುಗಳು ಕೊಂದ ಕಪ್ಪು ಜನರ ನೆನಪಿನ ಸ್ಮಾರಕವಿದು. ವಕೀಲ ಬ್ರಯಾನ್ ಸ್ಟೀವನ್ಸನ್ ಸ್ಥಾಪಿಸಿದ 'ಈಕ್ವಲ್ ಜಸ್ಟಿಸ್ ಇನಿಶಿಯೇಟಿವ್' ಕಟ್ಟಿಸಿದ ಈ ಸ್ಮಾರಕ 2018ರ ಏಪ್ರಿಲ್‌ನಲ್ಲಿ ತೆರೆಯಿತು.

ಈ ಕೊಲೆಗಳು ಕದ್ದುಮುಚ್ಚಿ ನಡೆದವಲ್ಲ. ಜಾತ್ರೆಗೆಂಬಂತೆ ಜನ ಸೇರುತ್ತಿದ್ದರು, ನೇತಾಡುವ ಹೆಣದ ಫೋಟೊಗಳು ಪೋಸ್ಟ್‌ಕಾರ್ಡುಗಳಾಗಿ ಮಾರಾಟವಾಗುತ್ತಿದ್ದವು. ಆದರೂ ಸಾವಿನ ಬಗೆಗಿನ ಅಧಿಕೃತ ವಿಚಾರಣೆಯ ವರದಿಗಳು ಮತ್ತೆ ಮತ್ತೆ ಹೇಳಿದ್ದು ಒಂದೇ ಮಾತು: ಕೊಂದವರು ಯಾರೆಂದು ತಿಳಿಯದು.

ಈ ಕೊಲೆಗಳ ಹಿಂದಿನ ನಿಜವನ್ನು ಮೊದಲು ಬಯಲಿಗೆಳೆದವರಲ್ಲಿ ಪತ್ರಕರ್ತೆ ಐಡಾ ಬಿ. ವೆಲ್ಸ್ ಪ್ರಮುಖರು. 1892ರಲ್ಲಿ ಮೆಂಫಿಸ್‌ನಲ್ಲಿ ಅವರ ಗೆಳೆಯ, ಕಿರಾಣಿ ಅಂಗಡಿಯ ಥಾಮಸ್ ಮಾಸ್ ಮತ್ತು ಇನ್ನಿಬ್ಬರನ್ನು ಗುಂಪು ಕೊಂದಿತು. ವ್ಯಾಪಾರದ ಪೈಪೋಟಿಯೇ ಅದರ ಹಿಂದಿತ್ತು. ವೆಲ್ಸ್ ಬರೆದರು, ಅವರ ಪತ್ರಿಕಾ ಕಚೇರಿಯನ್ನು ಧ್ವಂಸ ಮಾಡಲಾಯಿತು. ಆಗ ಹೊರಗಿದ್ದ ಅವರು ಊರಿಗೆ ಮರಳಲಿಲ್ಲ, ಆದರೆ ಬರವಣಿಗೆ ಬಿಡಲಿಲ್ಲ.

ಹಳೆಯ ಪತ್ರಿಕೆ, ನ್ಯಾಯಾಲಯದ ಕಡತಗಳನ್ನು ಜಾಲಾಡಿ ಸ್ಟೀವನ್ಸನ್ ಅವರ ಸಂಸ್ಥೆ 1877ರಿಂದ 1950ರವರೆಗಿನ 4,400ಕ್ಕೂ ಹೆಚ್ಚು ಹತ್ಯೆಗಳನ್ನು ದಾಖಲಿಸಿದೆ. ಸ್ಮಾರಕದಲ್ಲಿ 800ಕ್ಕೂ ಹೆಚ್ಚು ತುಕ್ಕುಬಣ್ಣದ ಉಕ್ಕಿನ ಸ್ತಂಭಗಳಿವೆ, ಕೌಂಟಿಗೆ, ಅಂದರೆ ಜಿಲ್ಲೆಗೆ, ಒಂದರಂತೆ. ಮೇಲೆ ಕೌಂಟಿಯ ಹೆಸರು, ಕೆಳಗೆ ಅಲ್ಲಿ ಸತ್ತವರ ಹೆಸರುಗಳು. ಮೊದಲು ಸ್ತಂಭಗಳು ನಮ್ಮೆದುರಿಗೇ ನಿಂತಂತಿರುತ್ತವೆ. ಮುಂದೆ ನಡೆದಂತೆ ನೆಲ ಇಳಿಯುತ್ತದೆ, ಅವು ತಲೆಯ ಮೇಲೆ ತೂಗುತ್ತವೆ. ಗೋಡೆಯ ಫಲಕಗಳಲ್ಲಿ ಕೊಂದ 'ಕಾರಣ'ಗಳಿವೆ: 1940ರಲ್ಲಿ ಅಲಬಾಮಾದ ಲುವರ್ನ್‌ನಲ್ಲಿ ಜೆಸ್ಸಿ ಥಾರ್ನ್‌ಟನ್ ಸತ್ತದ್ದು ಬಿಳಿಯ ಪೊಲೀಸನನ್ನು 'ಮಿಸ್ಟರ್' ಎನ್ನದೆ ಕರೆದದ್ದಕ್ಕೆ.

ಸಂಸ್ಥೆಯ ಮ್ಯೂಸಿಯಮ್ಮಿನಲ್ಲಿ ಹತ್ಯೆಯ ಜಾಗಗಳಿಂದ ತಂದ ಮಣ್ಣು ಗಾಜಿನ ಜಾಡಿಗಳಲ್ಲಿದೆ. ಹಲವೆಡೆ ಅದನ್ನು ಅಗೆದು ತುಂಬಿದವರು ಸತ್ತವರ ವಂಶದವರು, ಅದೇ ಊರಿನ ಜನ.

ಗುಂಪುಹತ್ಯೆಯ ವಿರುದ್ಧದ ಮೊದಲ ಮಸೂದೆಯನ್ನು 1900ರಲ್ಲಿ ಸಂಸತ್ತಿಗೆ ತಂದವರು ಜಾರ್ಜ್ ಹೆನ್ರಿ ವೈಟ್, ಆಗ ಅಲ್ಲಿದ್ದ ಏಕೈಕ ಕಪ್ಪು ಸದಸ್ಯ. ಸುಮಾರು 200 ಪ್ರಯತ್ನಗಳು ಸೋತ ಮೇಲೆ, 2022ರಲ್ಲಿ ಕಾನೂನು ಬಂತು. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಕೊಲೆಯಾದ 14 ವರ್ಷದ ಎಮೆಟ್ ಟಿಲ್‌ನ ಹೆಸರು ಅದಕ್ಕಿದೆ.

ಕಾನೂನು ಇನ್ನು ಮುಂದಿನ ಅಪರಾಧಿಯನ್ನು ಶಿಕ್ಷಿಸಬಹುದು. ಹಿಂದಿನದಕ್ಕೆ ಊರೇ ಉತ್ತರ ಕೊಡಬೇಕು. ಅದಕ್ಕೆಂದೇ ಪ್ರತಿ ಸ್ತಂಭದ ಪ್ರತಿರೂಪವೊಂದನ್ನು ಹೊರಗೆ ಮಲಗಿಸಿಟ್ಟಿದ್ದಾರೆ: ಆಯಾ ಕೌಂಟಿಯವರು ಬಂದು ತಮ್ಮದೆಂದು ಒಪ್ಪಿ ಒಯ್ಯಲಿ, ತಮ್ಮೂರಿನಲ್ಲಿ ನಿಲ್ಲಿಸಲಿ ಎಂದು. ಕೊಂದವರು ಯಾರೆಂದು ತಿಳಿಯದು ಎಂದ ಊರುಗಳಿಗೆ ಸತ್ತವರು ಯಾರೆಂದು ಹೇಳುವ ಹೊಣೆಯನ್ನು ಈ ಸ್ಮಾರಕ ಹೊರಿಸಿದೆ.