ಸಣ್ಣ ಜಲಾಶಯಗಳಲ್ಲಿ ಗಾಳದ ಮೀನುಗಾರಿಕೆ: ಎರೆಯ ಆಯ್ಕೆ ಮತ್ತು ಕ್ರಮಗಳು

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿರುವ ಕಮಲಾಪುರದ ಸುತ್ತಮುತ್ತ ತೊಗರಿ, ಜೋಳದ ಹೊಲಗಳ ನಡುವೆ ಕೆರೆಗಳಿವೆ. ಇದೇ ತಾಲೂಕಿನ ಬೆಳಕೋಟಾ ಬಳಿ ಗಂಡೋರಿ ನಾಲಾ ಜಲಾಶಯವಿದೆ. ನೀರಾವರಿಗೆಂದು ನಿಲ್ಲಿಸಿದ ಇಂತಹ ನೀರಿನಲ್ಲಿ ಮೀನೂ ಒಂದು ಬೆಳೆಯೇ. ಆದರೆ ಬಿಡುವಿನಲ್ಲಿ ಗಾಳ ಹಾಕುವ ರೈತರೂ ರಜೆಯ ದಿನ ಕಲಬುರಗಿ ನಗರದಿಂದ ಬರುವವರೂ ದಿನವಿಡೀ ಕುಳಿತು ಬರಿಗೈಯಲ್ಲಿ ಮರಳುವುದುಂಟು. ಇದಕ್ಕೆ ಅದೃಷ್ಟವನ್ನು ದೂರಬೇಕಾಗಿಲ್ಲ. ಬಹುಮಟ್ಟಿಗೆ ಮೀನು ಮೇಯುವ ಮಟ್ಟ ಒಂದು, ಗಾಳ ಇಳಿಬಿಟ್ಟ ಮಟ್ಟ ಇನ್ನೊಂದು ಆಗಿರುತ್ತದೆ.

ನೀರಿನ ಗುಣ

ನೀರು ಬಿಸಿಯಾದಂತೆ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲುದು. 30 ಡಿಗ್ರಿಯಲ್ಲಿ ಇದು ಸುಮಾರು ಏಳೂವರೆಗೆ ಇಳಿಯುತ್ತದೆ. ನೀಲಗಿರಿ, ಕಾಶ್ಮೀರದ ತಣ್ಣೀರಿನ ಟ್ರೌಟ್ ಮೀನು ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಪ್ರದೇಶದಲ್ಲಿ ಬದುಕದಿರುವುದು ಇದರಿಂದಲೇ. ಇಲ್ಲಿಗೆ ಒಗ್ಗಿದವು ಗೆಂಡೆ ಜಾತಿಯ ಮೀನುಗಳು ಹಾಗೂ ಕೊರವ ಮೀನು.

ಪಾಚಿಯಿಂದ ಹಸಿರಾದ ನೀರಿನಲ್ಲಿ ರಾತ್ರಿಯೆಲ್ಲ ಆಮ್ಲಜನಕ ಖರ್ಚಾಗಿ ನಸುಕಿನಲ್ಲಿ ಅತಿ ಕಡಿಮೆಯಿರುತ್ತದೆ. ಆಗ ಮೀನು ಮೇಲೆ ಬಂದು ಬಾಯಿ ತೆರೆಯುತ್ತದೆ, ಆದರೆ ಎರೆ ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ಹೊತ್ತು ಮೂಡಿದ ಒಂದೆರಡು ಗಂಟೆಯ ನಂತರ ಹಾಗೂ ಸಂಜೆ ಗಾಳ ಹಾಕುವುದು ಲೇಸು. ಚಳಿಗಾಲದಲ್ಲಿ ನೀರು ಸ್ವಲ್ಪ ಕಾಯ್ದ ಮಧ್ಯಾಹ್ನವೇ ಉತ್ತಮ. ಗಾಳಿಯು ತೇಲುವ ಹುಳು, ಕಸವನ್ನು ಯಾವ ದಂಡೆಗೆ ತಳ್ಳುತ್ತದೆಯೋ ಅಲ್ಲಿ ಮೀನು ಮೇಯಲು ಸೇರುತ್ತದೆ. ಆದುದರಿಂದ ಗಾಳಿ ಬಂದು ತಾಗುವ ದಂಡೆಯಲ್ಲಿ ಕೂಡಬೇಕು.

ಯಾವ ಮೀನು, ಯಾವ ಮಟ್ಟ?

ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುವಿನ ನೀರಿನಲ್ಲಿ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಮೇಯುತ್ತವೆ. ಹುಲ್ಲುಗೆಂಡೆ ಜೊಂಡು, ಹುಲ್ಲಿರುವ ಕಡೆ ಸುಳಿಯುತ್ತದೆ. ಕೊರವ ಬೇಟೆಯಾಡುವ ಮೀನು. ಕಳೆ ಬೆಳೆದ ಅಂಚಿನಲ್ಲಿ ಹೊಂಚುಹಾಕಿರುತ್ತದೆ.

ಮೊದಲು ಗಾಳದ ದಾರದ ತುದಿಗೆ ಕಲ್ಲು ಕಟ್ಟಿ ಇಳಿಬಿಟ್ಟು ಆಳ ಅಳೆಯಬೇಕು. ತಳದ ಮೀನಿಗೆ ಎರೆ ನೆಲ ಮುಟ್ಟುವಂತೆಯೂ, ರೋಹುವಿಗೆ ಅರ್ಧ ಆಳದಲ್ಲಿಯೂ, ಕಾಟ್ಲಾಕ್ಕೆ ಮೇಲಿನಿಂದ ಎರಡು ಮೂರು ಅಡಿಯಲ್ಲಿಯೂ ಇರುವಂತೆ ಬೆಂಡನ್ನು ಕಟ್ಟಬೇಕು. ಬೆಂಡಿಗೆ ಒಣ ಜೋಳದ ದಂಟಿನ ತುಂಡು ಸಾಕು. 10-12 ಅಡಿಯ ಬಿದಿರು ಗಳ, ನೈಲಾನ್ ದಾರ, ಸಣ್ಣ ಸೀಸದ ಗುಂಡು, ಮೊನೆ ಚೂಪಾದ ಗಾಳ ಇಷ್ಟಿದ್ದರೆ ಆಯಿತು.

ಎರೆ ತಯಾರಿಕೆ

ಇಲ್ಲಿ ಎರೆ ಎಂದರೆ ಕಪ್ಪು ಭೂಮಿಯಲ್ಲ, ಮೀನಿಗೆ ಒಡ್ಡುವ ತಿನಿಸು. ಜೋಳದ ಹಿಟ್ಟಿನಲ್ಲಿ ಗೋಧಿಯ ಜಿಗುಟು ಇಲ್ಲವೆಂಬುದು ರೊಟ್ಟಿ ಬಡಿಯುವ ತಾಯಂದಿರಿಗೆ ತಿಳಿದದ್ದೇ. ಜೋಳದ ಹಿಟ್ಟಿನ ಉಂಡೆ ನೀರಿನಲ್ಲಿ ಬೇಗ ಕರಗುವುದರಿಂದ ಗಾಳಕ್ಕೆ ನಿಲ್ಲುವುದಿಲ್ಲ. ಆದರೆ ಮೀನನ್ನು ಒಂದೆಡೆ ಸೇರಿಸಲು ಅದೇ ಸರಿ. ಜೋಳದ ಹಿಟ್ಟು, ಶೇಂಗಾ ಹಿಂಡಿಯ ಪುಡಿ ಮತ್ತು ಮಣ್ಣು ಕಲಸಿ ಲಿಂಬೆ ಗಾತ್ರದ ನಾಲ್ಕೈದು ಉಂಡೆಗಳನ್ನು ಒಂದೇ ಸ್ಥಳಕ್ಕೆ ಎಸೆಯಬೇಕು. ಹೆಚ್ಚು ಹಾಕಿದರೆ ಮೀನಿನ ಹೊಟ್ಟೆ ಅದರಲ್ಲಿಯೇ ತುಂಬುತ್ತದೆ.

ಗಾಳಕ್ಕೆ ಎರಡು ಪಾಲು ಗೋಧಿ ಹಿಟ್ಟು, ಒಂದು ಪಾಲು ಶೇಂಗಾ ಹಿಂಡಿ ಸೇರಿಸಿ ಗಟ್ಟಿಯಾಗಿ ನಾದಿ, ಬಟ್ಟೆಯಲ್ಲಿ ಕಟ್ಟಿ ಆವಿಯಲ್ಲಿ ಬೇಯಿಸಿ, ಮತ್ತೆ ನಾದಿ ಕಡಲೆಕಾಳಿನಷ್ಟು ಚುಚ್ಚಬೇಕು. ಕಳಿತ ಬಾಳೆಹಣ್ಣು ಸೇರಿಸಬಹುದು. ಅದಕ್ಕೆ ಕಮಲಾಪುರದ ಕೆಂಪು ಬಾಳೆಯೇ ಆಗಬೇಕೆಂದಿಲ್ಲ. ಸಾಮಾನ್ಯ ಗೆಂಡೆ, ಹುಲ್ಲುಗೆಂಡೆಗಳಿಗೆ ಬೇಯಿಸಿದ ಗೋವಿನ ಜೋಳದ ಕಾಳು ಒಳ್ಳೆಯದು. ಮೃಗಾಲ್, ಗೆಂಡೆ, ಕೊರವ ಮೂರಕ್ಕೂ ಎರೆಹುಳು ಆಗುತ್ತದೆ. ಬೇಸಿಗೆಯಲ್ಲಿ ಹೊಲದ ಎರೆಹುಳು ಆಳಕ್ಕಿಳಿಯುವುದರಿಂದ ತಿಪ್ಪೆಗುಂಡಿಯ ತೇವದ ಅಂಚಿನಲ್ಲಿ ಹುಡುಕಬೇಕು. ಕೊರವಕ್ಕೆ ಕಪ್ಪೆ ಕಟ್ಟುವ ರೂಢಿಯಿದೆ. ಕಪ್ಪೆಯು ಬೆಳೆಯ ಕೀಟ ತಿನ್ನುವ ರೈತನ ಮಿತ್ರ, ಅದನ್ನು ಬಿಟ್ಟು ಬದುವಿನ ಮಿಡತೆ ಬಳಸಬೇಕು.

ಮೀನಿಗೆ ವಾಸನೆ ಬಹಳ ಸೂಕ್ಷ್ಮ. ತಂಬಾಕು, ಸೀಮೆಎಣ್ಣೆ ಅಥವಾ ಔಷಧಿ ಮುಟ್ಟಿದ ಕೈಯಿಂದ ಎರೆ ಕಲಸಬಾರದು.

ಕಚ್ಚಿದ ಗುರುತು

ತಳದಲ್ಲಿ ಮೇಯುವ ಗೆಂಡೆ ಎರೆಯನ್ನು ಎತ್ತಿದಾಗ ಬೆಂಡು ಮುಳುಗುವ ಬದಲು ಮೇಲೆದ್ದು ಅಡ್ಡ ಬೀಳುತ್ತದೆ. ಆಗಲೇ ಗಳವನ್ನು ಮೆಲ್ಲಗೆ ಎತ್ತಬೇಕು. ಬೆಂಡು ಮುಳುಗಲೆಂದು ಕಾಯುವವರು ಎರೆ ಕಳೆದುಕೊಳ್ಳುತ್ತಾರೆ. ಕೊರವ ಎರೆ ಹಿಡಿದು ಓಡುತ್ತದೆ. ಅದು ನುಂಗಲು ತುಸು ದಾರ ಬಿಟ್ಟು ನಂತರ ಎಳೆಯಬೇಕು.

ಯಾವಾಗ ಹಿಡಿಯಬಾರದು?

ಮೀನಿನ ಸ್ವಭಾವ ಬಲ್ಲವರು ಬಿಡಬೇಕಾದ ಸಮಯವನ್ನೂ ಬಲ್ಲವರಾಗಬೇಕು. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಮುಂಗಾರಿನ ಹೊಸ ನೀರು ಹರಿದು ಬರುವಾಗ ನಾಲೆಯ ಬಾಯಿಗೆ ಏರುತ್ತವೆ. ಆಗ ಅಲ್ಲಿ ಅವನ್ನು ಹಿಡಿಯುವುದು ಅತಿ ಸುಲಭ, ಆದುದರಿಂದಲೇ ಅತಿ ಹಾನಿಕರ.

ಕೊರವದ ವಿಷಯ ಇನ್ನೂ ಮುಖ್ಯವಾದುದು. ಕೆಂಪು-ಕಿತ್ತಳೆ ಬಣ್ಣದ ಮರಿಗಳ ಗುಂಪು ನೀರ ಮೇಲೆ ಮಿಡುಕುತ್ತಿದ್ದರೆ ತಾಯಿ-ತಂದೆ ಮೀನು ಕೆಳಗೆ ಕಾವಲಿರುತ್ತದೆ. ಗುಂಪಿನ ಹತ್ತಿರ ಬಿದ್ದ ಏನನ್ನಾದರೂ ಅದು ಮರಿಗಳ ರಕ್ಷಣೆಗಾಗಿ ಕಚ್ಚುತ್ತದೆ. ಇದನ್ನರಿತು ಅಲ್ಲಿಯೇ ಗಾಳ ಹಾಕುವವರಿದ್ದಾರೆ. ಸಿಗುವುದು ಒಂದು ಮೀನು. ಕಾವಲಿಲ್ಲದ ನೂರಾರು ಮರಿಗಳು ಬೇರೆ ಮೀನಿನ, ಹಕ್ಕಿಯ ಪಾಲಾಗುತ್ತವೆ. ಬಿತ್ತನೆಯ ಬೀಜವನ್ನು ಕುಟ್ಟಿ ಉಂಡಂತೆ ಇದು.

ಗಮನಿಸಬೇಕಾದ ಅಂಶಗಳು

1. ಜಲಾಶಯದಲ್ಲಿ ಮರಿ ಬಿತ್ತಿ ಬದುಕುವ ಗುತ್ತಿಗೆದಾರರು, ಮೀನುಗಾರರ ಸಹಕಾರ ಸಂಘಗಳು ಇರುತ್ತವೆ. ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ ಅನುಮತಿ ಪಡೆದೇ ಗಾಳ ಹಾಕಬೇಕು.
2. ಸಿಡಿಮದ್ದು, ವಿಷ ಬಳಸಿ ಮೀನು ಹಿಡಿಯುವುದು 1897ರ ಕಾಯಿದೆಯ ಕಾಲದಿಂದಲೂ ಅಪರಾಧ.
3. ತೊಗರಿಗೆ ಔಷಧಿ ಹೊಡೆದ ಪಂಪು, ಡಬ್ಬಿಗಳನ್ನು ಕೆರೆಯಲ್ಲಿ ತೊಳೆಯಬಾರದು. ಹಲವು ಕೀಟನಾಶಕಗಳು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನನ್ನು ಕೊಲ್ಲುತ್ತವೆ.
4. ಸಣ್ಣ ಮೀನು ಸಿಕ್ಕರೆ ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿ ನೀರಿಗೆ ಬಿಡಬೇಕು.
5. ಎರೆ ಮಣ್ಣಿನ ದಂಡೆ ಒದ್ದೆಯಾದರೆ ಜಾರುತ್ತದೆ. ತೂಬು, ಕೋಡಿಗಳ ಬಳಿ ಕೂಡಬಾರದು. ಮಕ್ಕಳನ್ನು ಒಂಟಿಯಾಗಿ ಕಳುಹಿಸಬಾರದು. ಗುಡುಗು ಕೇಳಿದೊಡನೆ ಗಳ ಕೆಳಗಿಟ್ಟು ನೀರಿನಿಂದ ದೂರ ಸರಿಯಬೇಕು.

ಮಟ್ಟ ಅರಿತು ಎರೆ ಒಡ್ಡಿದರೆ ಮನೆಯ ಊಟಕ್ಕೆ ಬೇಕಾದಷ್ಟು ಮೀನು ದೊರೆಯುತ್ತದೆ. ಮರಿ ಕಾಯುವ ಮೀನನ್ನು ಬಿಟ್ಟರೆ ಬರುವ ವರ್ಷವೂ ದೊರೆಯುತ್ತದೆ.